ನರದ ತುದಿಯ ತೂಬು

ಕಟ್ಟುಹಾವು ಕಡಿದದ್ದು ಎಷ್ಟೋ ಸಲ ಕಡಿಸಿಕೊಂಡವರಿಗೇ ತಿಳಿಯುವುದಿಲ್ಲ. ಕೊಳಕುಮಂಡಲ ಕಡಿದರೆ ಕಾಲು ಬಾತು ಉರಿ ಹತ್ತುತ್ತದೆ. ನಾಗರಹಾವು ಕಡಿದರೆ ಕಡಿದ ಜಾಗ ಊದಿ ಕಪ್ಪಾಗುತ್ತದೆ. ಕಟ್ಟುಹಾವಿನ ಹಲ್ಲು ಸಣ್ಣದು. ಹೇಳಿಕೊಳ್ಳುವಂಥ ನೋವಿಲ್ಲ, ಬಾವಿಲ್ಲ, ಗುರುತು ಹುಡುಕಿದರೂ ಸಿಗದಿರಬಹುದು. ಅದು ಓಡಾಡುವುದು ರಾತ್ರಿ. ಕಂಪ್ಲಿ ಕಡೆಯ ಬಾಳೆ ತೋಟದ ಶೆಡ್ಡಿನಲ್ಲಿ, ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿ, ಸಂಡೂರಿನ ಗುಡ್ಡದ ಸೆರಗಿನ ಮನೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಿಗೆ ಬರುತ್ತದೆ. ನಿದ್ದೆಯಲ್ಲಿ ಕೈ ತಗುಲಿದರೆ ಕಡಿದು ಹೋಗುತ್ತದೆ. ಇರುವೆಯೇನೋ ಅಂದುಕೊಂಡು ಮಗ್ಗುಲು ಬದಲಿಸಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು ಕೂರುತ್ತಾರೆ. ರಾತ್ರಿಯ ಊಟ ಪಚನವಾಗಿಲ್ಲವೆಂದು ಮನೆಯವರು ಅಜವಾನ ಕೊಡುತ್ತಾರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಆಮೇಲೆ ಉಸಿರು ಕಷ್ಟವಾಗುತ್ತದೆ.

ಆ ಹೊತ್ತಿನಲ್ಲಿ ಆ ದೇಹದೊಳಗೆ ಏನೇನು ಸರಿಯಾಗಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಹೃದಯ ಬಡಿಯುತ್ತಿದೆ. ಮೆದುಳು ಎಚ್ಚರವಾಗಿದೆ, ಸುತ್ತ ನಿಂತವರ ಅಳು ಕೇಳಿಸುತ್ತಿದೆ. ಉಸಿರಾಟದ ವಪೆ ಕೆಲಸ ಮಾಡಲು ತಯಾರಿದೆ. ಬೆನ್ನುಹುರಿಯಿಂದ ಹೊರಟ ವಿದ್ಯುತ್ ಸಂದೇಶ ನರದ ಉದ್ದಕ್ಕೂ ಓಡಿ ಬರುತ್ತಿದೆ. ಕೆಟ್ಟಿರುವುದು ಒಂದೇ ಜಾಗ: ನರ ಮುಗಿದು ಸ್ನಾಯು ಶುರುವಾಗುವಲ್ಲಿರುವ ಸಂದು. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ ಅದಕ್ಕೆ. ಸಂದೇಶ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅದನ್ನು ದಾಟಿಸುವ ಕೆಲಸದಲ್ಲಿ ಕ್ಯಾಲ್ಸಿಯಂಗೆ ಇರುವ ಪಾತ್ರ ಅರ್ಥವಾದರೆ, ಹಾವು ಕಡಿದವರಿಗೆ ಯಾವ ಚಿಕಿತ್ಸೆ ಏಕೆ ಫಲಿಸುತ್ತದೆ, ಯಾವುದು ಏಕೆ ಫಲಿಸುವುದಿಲ್ಲ ಎಂಬುದು ತಾನಾಗಿ ಅರ್ಥವಾಗುತ್ತದೆ. ಅದಕ್ಕಾಗಿ ಸ್ವಲ್ಪ ಒಳಗೆ ಇಳಿಯಬೇಕು.

ನರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳು ಗುಂಪಾಗಿ ಕಾದಿರುತ್ತವೆ. ಒಂದೊಂದು ಚೀಲದಲ್ಲೂ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಸಾವಿರಾರು ಅಣುಗಳು. ಈ ನರವಾಹಕ ಸಂದಿಗೆ ಬಿದ್ದು ಆಚೆ ದಡದ ಸ್ನಾಯುವನ್ನು ಮುಟ್ಟಿದರೆ ಸ್ನಾಯು ಸೆಟೆಯುತ್ತದೆ. ಆದರೆ ವಿದ್ಯುತ್ ಸಂದೇಶ ಬಂದ ಮಾತ್ರಕ್ಕೆ ಚೀಲ ಒಡೆಯುವುದಿಲ್ಲ. ಒಡೆಯಬೇಕಾದರೆ ಹೊರಗಿನಿಂದ ಕ್ಯಾಲ್ಸಿಯಂ ಒಳಗೆ ಬರಬೇಕು.

ತುಂಗಭದ್ರಾ ಅಣೆಕಟ್ಟೆಯನ್ನು ಕಂಡವರಿಗೆ ಮುಂದಿನದನ್ನು ಹೇಳುವುದು ಸುಲಭ. ಗೋಡೆಯ ಒಂದು ಕಡೆ ತುಂಬಿ ನಿಂತ ನೀರು, ಇನ್ನೊಂದು ಕಡೆ ಬರಿದಾದ ಹೊಳೆ, ನಡುವೆ ಗೇಟುಗಳ ಸಾಲು. ನರಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿ ಕ್ಯಾಲ್ಸಿಯಂಗೆಂದೇ ಇರುವ ತೂಬುಗಳಿವೆ. ವಿಜ್ಞಾನದವರು ಚಾನೆಲ್ ಎನ್ನುವುದು ಇವನ್ನೇ. ಸಾಮಾನ್ಯವಾಗಿ ಅವು ಮುಚ್ಚಿರುತ್ತವೆ. ವಿದ್ಯುತ್ ಸಂದೇಶ ತಲುಪಿದ ಕ್ಷಣ ತೆರೆದುಕೊಳ್ಳುತ್ತವೆ, ಕ್ಯಾಲ್ಸಿಯಂ ನುಗ್ಗುತ್ತದೆ, ತೂಬಿನ ಪಕ್ಕದಲ್ಲೇ ಕಾದಿದ್ದ ಚೀಲಗಳು ಪೊರೆಗೆ ಅಂಟಿ ಬಾಯಿ ತೆರೆಯುತ್ತವೆ. ಚೀಲದ ಮೇಲಿರುವ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಬಂದದ್ದನ್ನು ಗುರುತಿಸುತ್ತದೆ ಎಂದು ತೋರಿಸಿದವರಲ್ಲಿ ಥಾಮಸ್ ಸುಡೋಫ್ ಮುಖ್ಯರು. 2013ರ ನೊಬೆಲ್ ಪ್ರಶಸ್ತಿ ಅವರಿಗೂ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್ ಅವರಿಗೂ ಹಂಚಿಕೆಯಾಯಿತು. ತೂಬು ತೆರೆದು ಚೀಲ ಒಡೆಯುವವರೆಗಿನ ಇಷ್ಟೆಲ್ಲ ನಡೆಯಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಕಿಲ್ಲ. ಮರುಕ್ಷಣ ತೂಬು ಮುಚ್ಚುತ್ತದೆ, ಒಳಗೆ ಬಂದ ಕ್ಯಾಲ್ಸಿಯಂ ಹೊರಹೋಗುತ್ತದೆ. ನಾವು ಒಂದು ಉಸಿರು ಎಳೆಯುವಷ್ಟರಲ್ಲಿ ವಪೆಯ ನರಗಳ ತುದಿಗಳಲ್ಲಿ ಇದು ಲೆಕ್ಕವಿಲ್ಲದಷ್ಟು ಸಲ ಆಗಿರುತ್ತದೆ.

ಕ್ಯಾಲ್ಸಿಯಂ ಬೇಕೇ ಬೇಕು ಎಂಬುದನ್ನು ನಿಖರವಾಗಿ ತೋರಿಸಿದವರು ಬರ್ನಾರ್ಡ್ ಕಾಟ್ಸ್. ಹಿಟ್ಲರನ ಜರ್ಮನಿ ಬಿಟ್ಟು 1935ರಲ್ಲಿ ಲಂಡನ್ನಿಗೆ ಬಂದ ಯಹೂದಿ ವೈದ್ಯ. ಅವರೂ ಮೆಕ್ಸಿಕೋದ ರಿಕಾರ್ಡೊ ಮಿಲೆಡಿಯೂ ಸೇರಿ 1960ರ ದಶಕದಲ್ಲಿ ಕಪ್ಪೆಯ ನರದ ತುದಿಗೆ ಸೂಕ್ಷ್ಮ ಗಾಜಿನ ನಳಿಗೆಯಿಂದ ಕ್ಯಾಲ್ಸಿಯಂ ಚಿಮ್ಮಿಸಿ ನೋಡಿದರು. ಸಂದೇಶ ಬರುವುದಕ್ಕೆ ತುಸು ಮೊದಲು ಕ್ಯಾಲ್ಸಿಯಂ ಅಲ್ಲಿ ಇದ್ದರೆ ನರವಾಹಕ ಬಿಡುಗಡೆಯಾಯಿತು. ಸಂದೇಶ ಬಂದು ಹೋದ ಮೇಲೆ ಕೊಟ್ಟರೆ ಏನೂ ಆಗಲಿಲ್ಲ. ಕಾಟ್ಸ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಅದೇ ಪ್ರಯೋಗಾಲಯದ ಬಳಗದ ಡಾಡ್ಜ್ ಮತ್ತು ರಹಮಿಮೊಫ್ 1967ರಲ್ಲಿ ಇನ್ನೊಂದು ಸಂಗತಿ ಕಂಡರು. ನನಗೆ ಇಡೀ ಕಥೆಯ ಕೀಲು ಇದೇ ಅನಿಸುತ್ತದೆ. ಕ್ಯಾಲ್ಸಿಯಂ ಅರ್ಧವಾದರೆ ನರವಾಹಕದ ಬಿಡುಗಡೆ ಅರ್ಧವಾಗುವುದಿಲ್ಲ. ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಚೀಲ ಒಡೆಯಲು ನಾಲ್ಕರಷ್ಟು ಕ್ಯಾಲ್ಸಿಯಂ ಕಣಗಳು ಜೊತೆಗೂಡಬೇಕಾಗಿರುವುದೇ ಇದಕ್ಕೆ ಕಾರಣ. ಹಾಗಾಗಿ ಒಂದು ವಿಷ ಎಲ್ಲ ತೂಬುಗಳನ್ನೂ ಮುಚ್ಚಬೇಕಾಗಿಲ್ಲ. ಕೆಲವನ್ನು ಮುಚ್ಚಿದರೂ ಸಂದೇಶ ಸೊರಗಿಹೋಗುತ್ತದೆ.

ಈ ತೂಬನ್ನು ಅಡ್ಡಗಟ್ಟುವ ಒಂದು ಔಷಧ ನಮ್ಮ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲೇ ಇದೆ. ಬಸುರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾಗೆ ಕೊಡುವ ಮೆಗ್ನೀಷಿಯಂ ಸಲ್ಫೇಟ್ ಅದು. ನರ್ಸುಗಳ ಬಾಯಲ್ಲಿ ಮ್ಯಾಗ್‌ಸಲ್ಫ್. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ, ಈ ಅಗ್ಗದ ಔಷಧ ಫಿಟ್ಸಿನ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದು ತೋರಿಸಿತು. ಫಿಟ್ಸ್ ತಡೆಯುವುದು ಮೆದುಳಿನಲ್ಲಿ ಅದು ಮಾಡುವ ಬೇರೆ ಕೆಲಸಗಳಿಂದ. ಆದರೆ ರಕ್ತದಲ್ಲಿ ಮೆಗ್ನೀಷಿಯಂ ಮಿತಿ ಮೀರಿದರೆ ಅದು ನರದ ತುದಿಯ ತೂಬಿನಲ್ಲಿ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ, ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ. ಮುಂದಿನ ಡೋಸ್ ಕೊಡುವ ಮೊದಲು ಸಿಸ್ಟರ್ ಬಂದು "ಕಾಲು ಸಡ್ಲ ಬಿಡವ್ವ" ಎಂದು ಮೊಣಕಾಲ ಕೆಳಗೆ ಸುತ್ತಿಗೆಯಿಂದ ತಟ್ಟುವುದು ಇದಕ್ಕೇ. ಕಾಲು ಚಿಮ್ಮಿದರೆ ಸರಿ. ಚಿಮ್ಮದಿದ್ದರೆ ಔಷಧ ನಿಲ್ಲಿಸಬೇಕು, ಏಕೆಂದರೆ ಮೊಣಕಾಲಿನ ನಂತರದ ಸರದಿ ಉಸಿರಿನದು. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ನಿಮಿಷಕ್ಕೆ ಎಷ್ಟು ಉಸಿರು ಎಂದು ಲೆಕ್ಕ ಇಡುವುದೂ ಅದಕ್ಕಾಗಿಯೇ. ಪಕ್ಕದ ಟ್ರೇಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ತುಂಬಿದ ಸಿರಿಂಜ್ ಸಿದ್ಧವಿರಬೇಕೆಂಬುದು ನಿಯಮ. ಪೈಪೋಟಿಯಲ್ಲಿ ಸೋತ ಕ್ಯಾಲ್ಸಿಯಂ ಅನ್ನು ಹೆಚ್ಚಿಸಿದರೆ ಅದು ಮತ್ತೆ ಗೆಲ್ಲುತ್ತದೆ. ಕಾಟ್ಸ್ ಅವರ ಕಪ್ಪೆಯ ಪಾಠವನ್ನು ನಮ್ಮ ಹೆರಿಗೆ ವಾರ್ಡಿನ ಹೆಣ್ಣುಮಕ್ಕಳು ದಿನವೂ ಪಾಲಿಸುತ್ತಾ ತಾಯಂದಿರನ್ನು ಉಳಿಸುತ್ತಿದ್ದಾರೆ. ಇದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ, ಹೇಳಬೇಕು.

ಸಂಡೂರಿನ ಗುಡ್ಡಗಳಿಂದ ತೆಗೆಯುವ ಮ್ಯಾಂಗನೀಸ್ ಕೂಡ ಪ್ರಯೋಗಾಲಯದಲ್ಲಿ ಇದೇ ತೂಬನ್ನು ಮುಚ್ಚುತ್ತದೆ. ಕಪ್ಪೆಯ ನರದ ಮೇಲೆ 1972ರಲ್ಲೇ ಇದನ್ನು ಪರೀಕ್ಷಿಸಲಾಗಿದೆ. ಮ್ಯಾಂಗನೀಸ್ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ, 1837ರಲ್ಲಿ ಗ್ಲಾಸ್ಗೋದ ಜಾನ್ ಕೂಪರ್ ಮೊದಲು ವರ್ಣಿಸಿದ ನರರೋಗ ಬೇರೆಯದೇ ದಾರಿಯದು. ಅದು ಮೆದುಳಿನ ಆಳದಲ್ಲಿ ನಿಧಾನವಾಗಿ ನೆಲೆಯೂರುತ್ತದೆ. ಎರಡನ್ನೂ ಕಲಸಬಾರದು.

ತೂಬು ಮುಚ್ಚುವುದರಲ್ಲಿ ನಿಜವಾಗಿ ಪಳಗಿರುವುದು ಕಡಲ ಒಂದು ಬಸವನಹುಳು. ಕೋನಸ್ ಕುಲದ ಈ ಹುಳುಗಳ ಚಿಪ್ಪು ನೋಡಲು ಬಲು ಚೆಂದ, ಆದರೆ ಬಾಯಲ್ಲಿ ಈಟಿಯಂಥ ಹಲ್ಲು. ತೆವಳುವ ಹುಳು ಈಜುವ ಮೀನನ್ನು ಹಿಡಿಯಬೇಕಾದರೆ ಚುಚ್ಚಿದ ಕ್ಷಣವೇ ಮೀನು ನಿಶ್ಚಲವಾಗಬೇಕು, ತಡವಾದರೆ ಬೇಟೆ ಕೈ ತಪ್ಪಿದಂತೆ. ಅದಕ್ಕಾಗಿ ಅದರ ವಿಷದಲ್ಲಿ ಬಗೆಬಗೆಯ ಪುಟ್ಟ ಪ್ರೋಟೀನುಗಳಿವೆ. ಅವುಗಳಲ್ಲಿ ಒಮೆಗಾ ಕೋನೋಟಾಕ್ಸಿನ್ ಎಂಬ ಗುಂಪು ಕ್ಯಾಲ್ಸಿಯಂ ತೂಬಿನ ಬಾಯಿಗೇ ಬಂದು ಕೂರುತ್ತದೆ. ಫಿಲಿಪೀನ್ಸ್‌ನವರಾದ ಬಾಲ್ಡೊಮೆರೊ ಒಲಿವೆರಾ ತಮ್ಮ ದೇಶದಲ್ಲಿ ಶುರುಮಾಡಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಿದ ಸಂಶೋಧನೆಯಿಂದ ಇದು ಬೆಳಕಿಗೆ ಬಂತು. ಇಲ್ಲೂ ಆ ಕೆಲಸ ನಡೆದಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ದುಡಿದ ಕೆ.ಎಸ್. ಕೃಷ್ಣನ್, ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮತ್ತು ಅವರ ಬಳಗ ನಮ್ಮ ಕಡಲತೀರದ ಕೋನಸ್ ಹುಳುಗಳ ವಿಷವನ್ನು ಬಿಡಿಸಿ ನೋಡಿದರು. ಕೋನಸ್ ಅಮಾಡಿಸ್ ಎಂಬ ಹುಳುವಿನಲ್ಲಿ ಅವರಿಗೆ ಸಿಕ್ಕ ಒಂದು ಪ್ರೋಟೀನು ಸೋಡಿಯಂ ತೂಬಿನ ಮೇಲೆ ಕೆಲಸ ಮಾಡುವಂಥದ್ದು.

ಕ್ಯಾಲ್ಸಿಯಂ ತೂಬುಗಳೆಲ್ಲ ಒಂದೇ ಜಾತಿಯವಲ್ಲ ಎಂದು ಜಗತ್ತಿಗೆ ಸ್ಪಷ್ಟವಾದದ್ದು ಬಹುಮಟ್ಟಿಗೆ ಇಂಥ ವಿಷಗಳಿಂದಲೇ. ಕಪ್ಪೆಯ ನರ ಮತ್ತು ಸ್ನಾಯುವಿನ ಸಂದಿಯಲ್ಲಿ ಎನ್ ಎಂಬ ಬಗೆಯ ತೂಬಿದೆ. ಕೋನಸ್ ವಿಷ ಹಾಕಿದರೆ ಕಪ್ಪೆಯ ಸ್ನಾಯು ಸ್ತಬ್ಧ. ಮನುಷ್ಯರ ಸ್ನಾಯುಸಂದಿಯಲ್ಲಿ ಪಿ/ಕ್ಯೂ ಎಂಬ ಬಗೆ ಇದೆ. ಅದನ್ನು ಮುಚ್ಚುವ ಒಮೆಗಾ ಅಗಾಟಾಕ್ಸಿನ್ ಸಿಕ್ಕಿದ್ದು ಅಮೆರಿಕದ ಒಂದು ಜೇಡದಲ್ಲಿ. ಮನುಷ್ಯರಲ್ಲಿ ಎನ್ ಬಗೆಯ ತೂಬು ಬೆನ್ನುಹುರಿಯಲ್ಲಿ ನೋವಿನ ಸಂದೇಶ ದಾಟುವ ಜಾಗದಲ್ಲಿ ದಟ್ಟವಾಗಿದೆ. ಹಾಗಾದರೆ ಎನ್ ಬಗೆಯನ್ನಷ್ಟೇ ಮುಚ್ಚುವ ವಿಷವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹನಿ ಹನಿಯಾಗಿ ಬಿಟ್ಟರೆ ನೋವು ನಿಲ್ಲಬೇಕು, ಉಸಿರು ನಿಲ್ಲಬಾರದು. ಹಾಗೆಯೇ ಆಯಿತು. ಕೋನಸ್ ಮ್ಯಾಗಸ್ ಹುಳುವಿನ 25 ಅಮೈನೋ ಆಮ್ಲಗಳ ವಿಷವನ್ನು ಕೃತಕವಾಗಿ ತಯಾರಿಸಿ ಜಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿದರು. ಮಾರ್ಫಿನ್‌ಗೂ ಬಗ್ಗದ ನೋವಿಗೆ ಅದನ್ನು ಪಂಪಿನ ಮೂಲಕ ಕೊಡುತ್ತಾರೆ. ಗೊಂದಲ, ತಲೆಸುತ್ತು, ಮನಸ್ಸಿನ ಏರುಪೇರು ಅದರ ದೊಡ್ಡ ತೊಂದರೆಗಳು. ಎಲ್ಲರಿಗೂ ಕೊಡುವ ಔಷಧವಲ್ಲ.

ಬಿಪಿಗೆ ಆಮ್ಲೋಡಿಪಿನ್ ಗುಳಿಗೆ ನುಂಗುವವರು ಇಲ್ಲಿ ಗಾಬರಿಯಾಗಬೇಕಿಲ್ಲ. ಅದೂ ಕ್ಯಾಲ್ಸಿಯಂ ತೂಬನ್ನೇ ಮುಚ್ಚುತ್ತದೆ, ಆದರೆ ಅದು ರಕ್ತನಾಳದ ಗೋಡೆಯಲ್ಲಿರುವ ಎಲ್ ಬಗೆಯದು. ನಾಳ ಸಡಿಲವಾಗಿ ಒತ್ತಡ ಇಳಿಯುತ್ತದೆ, ನರದ ತುದಿಯ ತೂಬು ತನ್ನ ಪಾಡಿಗೆ ತಾನಿರುತ್ತದೆ.

ಕೆಲವರಲ್ಲಿ ಹೊರಗಿನ ವಿಷವೇ ಬೇಕಾಗುವುದಿಲ್ಲ. ಲ್ಯಾಂಬರ್ಟ್-ಈಟನ್ ಎಂಬ ರೋಗದಲ್ಲಿ ದೇಹವೇ ತಯಾರಿಸಿದ ಪ್ರತಿಕಾಯಗಳು ಪಿ/ಕ್ಯೂ ತೂಬಿನ ಮೇಲೆ ಬೀಳುತ್ತವೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುತ್ತದೆ, ಅವರಲ್ಲಿ ಬಹುತೇಕರು ಬೀಡಿ, ಸಿಗರೇಟು ಸೇದಿದವರು. ಕುಳಿತಲ್ಲಿಂದ ಏಳಲು ತೊಡೆಗಳಲ್ಲಿ ಬಲವಿರುವುದಿಲ್ಲ. ಆದರೆ ಮುಷ್ಟಿಯನ್ನು ಕೆಲ ಸೆಕೆಂಡು ಬಿಗಿಯಾಗಿ ಹಿಡಿದರೆ ಬಲ ಹೆಚ್ಚುತ್ತದೆ! ಸಂದೇಶದ ಮೇಲೆ ಸಂದೇಶ ಬಂದಂತೆ ಉಳಿದ ಕೆಲವೇ ತೂಬುಗಳಿಂದ ಬಂದ ಕ್ಯಾಲ್ಸಿಯಂ ಒಳಗೆ ಕೂಡುತ್ತಾ ಹೋಗುತ್ತದೆ. ಮೇಲೆ ಹೇಳಿದ ಹದಿನಾರರ ಲೆಕ್ಕ ಇಲ್ಲಿ ರೋಗಿಯ ಪರವಾಗಿ ತಿರುಗುತ್ತದೆ.

ನಮ್ಮ ಕಡೆಯ ಕಲ್ಲುಗಳ ಕೆಳಗಿನ ಕೆಂಪು ಚೇಳಿನದು ಇದಕ್ಕೆ ತದ್ವಿರುದ್ಧ. ಅದರ ವಿಷ ಸೋಡಿಯಂ ತೂಬನ್ನು ಮುಚ್ಚಲು ಬಿಡುವುದಿಲ್ಲ. ನರಗಳು ಬಿಡುವಿಲ್ಲದೆ ಸಂದೇಶ ಕಳಿಸುತ್ತವೆ, ನರವಾಹಕಗಳು ಸುರಿಯುತ್ತವೆ, ಹೃದಯ ಕಂಗೆಡುತ್ತದೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಜೋಸಿನ್ ಎಂಬ ಅಗ್ಗದ ಗುಳಿಗೆ ಕೆಲಸ ಮಾಡುತ್ತದೆ ಎಂದು ತೋರಿಸಿ ಅಸಂಖ್ಯ ಮಕ್ಕಳನ್ನು ಉಳಿಸಿದರು.

ಈಗ ಕಟ್ಟುಹಾವಿಗೆ ಬರೋಣ. ಅದರ ವಿಷ ತೂಬನ್ನು ಮುಚ್ಚುವ ಜಾತಿಯದಲ್ಲ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ವಿಷವನ್ನು ಬೇರ್ಪಡಿಸಿ ಎರಡು ಬಗೆಯ ನರವಿಷ ಕಂಡರು. ಆಲ್ಫಾ ಬಂಗಾರೊಟಾಕ್ಸಿನ್ ಸಂದಿನ ಆಚೆ ದಡದಲ್ಲಿ, ಸ್ನಾಯುವಿನ ಮೇಲೆ ಕೂರುತ್ತದೆ. ಬೀಟಾ ಬಂಗಾರೊಟಾಕ್ಸಿನ್ ಈಚೆ ದಡದಲ್ಲಿ, ನರದ ತುದಿಯನ್ನೇ ಹಿಡಿಯುತ್ತದೆ. ನಮ್ಮ ಕಟ್ಟುಹಾವಿನ ವಿಷದಲ್ಲೂ ಇದೇ ಬಗೆಯ ಬೀಟಾ ಅಂಶವಿದೆ. ಅದರಲ್ಲಿ ಜೋಡಿಯಾಗಿ ಎರಡು ಭಾಗ: ಒಂದು ನರದ ತುದಿಯನ್ನು ಹುಡುಕಿ ಅಂಟುವ ಭಾಗ, ಇನ್ನೊಂದು ಪೊರೆಯ ಕೊಬ್ಬನ್ನು ಕತ್ತರಿಸುವ ಫಾಸ್ಫೊಲೈಪೇಸ್ ಎಂಬ ಕಿಣ್ವ. ಪೊರೆ ಸಡಿಲವಾಗುತ್ತಿದ್ದಂತೆ ಕ್ಯಾಲ್ಸಿಯಂ ತಡೆಯಿಲ್ಲದೆ ಒಳನುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಆದದ್ದು ಇದೇ. ಬೇಕಾದಾಗ ತೆರೆದು ಮುಚ್ಚುವ ಹಿಡಿತ ತಪ್ಪಿತು, ನೀರು ಹರಿಯಿತು, ಹರಿದುಹೋದ ನೀರು ಬೆಳೆಗೆ ಬರಲಿಲ್ಲ. ನರದ ತುದಿಯಲ್ಲಿ ಚೀಲಗಳೆಲ್ಲ ಒಮ್ಮೆಗೇ ಬರಿದಾಗುತ್ತವೆ. ಒಳಗಿನ ಮೈಟೊಕಾಂಡ್ರಿಯಾ ಕೆಡುತ್ತವೆ. ಕೊನೆಗೆ ತುದಿಯೇ ಬಾಡಿ ಬೀಳುತ್ತದೆ. ಇಂಗ್ಲೆಂಡಿನ ಡಿಕ್ಸನ್ ಮತ್ತು ಹ್ಯಾರಿಸ್ 1999ರಲ್ಲಿ ಇಲಿಗಳ ಸ್ನಾಯುವಿನಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ದಾಖಲಿಸಿದರು: ಕೆಲವೇ ಗಂಟೆಗಳಲ್ಲಿ ಚೀಲಗಳು ಖಾಲಿ, ಒಂದು ದಿನದಲ್ಲಿ ನರದ ತುದಿಗಳು ನಾಶ, ಮೂರರಿಂದ ಐದು ದಿನಕ್ಕೆ ಹೊಸ ತುದಿಗಳ ಚಿಗುರು, ವಾರದಲ್ಲಿ ಹೆಚ್ಚುಕಡಿಮೆ ಮೊದಲಿನ ಸ್ಥಿತಿ.

ಆ ಕೊನೆಯ ಎರಡು ಮಾತುಗಳನ್ನು ನಾನು ಎಲ್ಲರ ಮನಸ್ಸಿನಲ್ಲಿ ನಿಲ್ಲಿಸಬೇಕೆಂದಿದ್ದೇನೆ. ನರದ ತುದಿ ಮತ್ತೆ ಚಿಗುರುತ್ತದೆ. ಅದಕ್ಕೆ ಬೇಕಾದದ್ದು ಕೆಲವು ದಿನ. ಆ ಕೆಲವು ದಿನ ಉಸಿರನ್ನು ಹೊರಗಿನಿಂದ ಕೊಟ್ಟರೆ ಮನುಷ್ಯ ಎದ್ದು ನಡೆದು ಮನೆಗೆ ಹೋಗುತ್ತಾನೆ.

ಚಿಕಿತ್ಸೆಯ ಲೆಕ್ಕಾಚಾರ ಇಲ್ಲಿಂದ ಹುಟ್ಟುತ್ತದೆ. ನಾಗರಹಾವಿನ ನರವಿಷ ಆಚೆ ದಡದಲ್ಲಿ ಸ್ನಾಯುವಿನ ಮೇಲೆ ಕೂರುತ್ತದೆ; ನರ ಅಸಿಟೈಲ್‌ಕೋಲಿನ್ ಕಳಿಸುತ್ತಲೇ ಇರುತ್ತದೆ. ಆಗ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಬೇಗ ಕರಗದೆ ಉಳಿದು, ವಿಷದೊಡನೆ ಪೈಪೋಟಿ ನಡೆಸಿ, ಎಷ್ಟೋ ಸಲ ಜೋಲಿದ ರೆಪ್ಪೆ ಕಣ್ಣೆದುರೇ ಮೇಲೇಳುತ್ತದೆ. ಕಟ್ಟುಹಾವು ಕಡಿದಾಗ ಅದೇ ಇಂಜೆಕ್ಷನ್ನಿಂದ ಅಂಥ ಫಲ ಸಿಗುವುದು ಅಪರೂಪ. ಉಳಿಸಿಕೊಳ್ಳಲು ಅಲ್ಲಿ ಅಸಿಟೈಲ್‌ಕೋಲಿನ್ನೇ ಇಲ್ಲ. ಕ್ಯಾಲ್ಸಿಯಂ ಕೊಟ್ಟರಾಗದೇ ಎಂದು ಕೇಳುವವರಿದ್ದಾರೆ. ಒಡೆಯಲು ಚೀಲವೇ ಇಲ್ಲದ ಕಡೆ ಕ್ಯಾಲ್ಸಿಯಂ ಏನು ಮಾಡೀತು? ಹಾವಿನ ವಿಷದ ಪ್ರತಿವಿಷ, ಅಂದರೆ ಎಎಸ್‌ವಿ, ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಆಗಲೇ ಬಾಡಿದ ನರದ ತುದಿಯನ್ನು ಅದು ಚಿಗುರಿಸಲಾರದು. ಆದ್ದರಿಂದಲೇ ಎಎಸ್‌ವಿ ಬೇಗ ಸಿಗಬೇಕು, ವಿಷ ನರದ ತುದಿಗೆ ಅಂಟುವ ಮೊದಲು. ತಡವಾಗಿ ಬಂದವರಿಗೆ ಎಎಸ್‌ವಿ ಬಾಟಲಿಗಳ ಮೇಲೆ ಬಾಟಲಿ ಏರಿಸಿಯೂ ರೆಪ್ಪೆ ಏಳದಿದ್ದರೆ ಔಷಧ ಕೆಟ್ಟಿದೆಯೆಂದು ಜಗಳಕ್ಕೆ ಬೀಳಬಾರದು. ಅಲ್ಲಿ ಬೇಕಾದದ್ದು ವೆಂಟಿಲೇಟರ್, ಮತ್ತು ತಾಳ್ಮೆ.

ಈ ರೋಗಿಗಳನ್ನು ನೋಡಿ ಮೋಸಹೋಗುವುದು ಸುಲಭ. ರಕ್ತ ಹೆಪ್ಪುಗಟ್ಟುವುದನ್ನು ನೋಡುವ 20 ನಿಮಿಷದ ಗಾಜಿನ ನಳಿಗೆಯ ಪರೀಕ್ಷೆ ಮಂಡಲದ ಹಾವುಗಳಿಗೆ ಸರಿ. ಕಟ್ಟುಹಾವು ಕಡಿದವರಲ್ಲಿ ಅದು ಸಹಜವಾಗಿಯೇ ಬರುತ್ತದೆ. ಲಕ್ಷಣಗಳು ಕಾಣಲು ಹಲವು ಗಂಟೆ ಹಿಡಿಯಬಹುದು, ಹಾಗಾಗಿ ಅನುಮಾನವಿದ್ದವರನ್ನು 24 ಗಂಟೆ ಇರಿಸಿಕೊಳ್ಳಬೇಕು. ಇನ್ನೊಂದು ಕಡೆ, ವಿಷ ಪೂರ್ತಿ ಏರಿದವರ ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಅಲುಗುವುದಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳುವುದಿಲ್ಲ. ಮೆದುಳು ಸತ್ತಿದೆ ಎನ್ನುವಂತೆಯೇ ಕಾಣುತ್ತದೆ. ಆದರೆ ಒಳಗೆ ಮನುಷ್ಯ ಎಚ್ಚರವಾಗಿರಬಹುದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. "ಇನ್ನೇನೂ ಉಳಿದಿಲ್ಲ, ಮನೆಗೆ ಕರ್ಕೊಂಡ್ ಹೋಗ್ತೀವಿ ಸರ್" ಎಂದು ಹೇಳುವ ಮನೆಯವರನ್ನು ತಡೆಯಬೇಕಾದವರು ವೈದ್ಯರು. ಅಂಥವರ ಹಾಸಿಗೆಯ ಪಕ್ಕ ಸಾವಿನ ಮಾತು ಆಡಬಾರದು, ಹೆಸರು ಹಿಡಿದು ಧೈರ್ಯ ಹೇಳಬೇಕು.

"ಹುಳ ಮುಟ್ಟೈತಿ" ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಬೇರು ತೇಯ್ದು ಕುಡಿಸುವವರ ಬಳಿಗೆ ಓಡುವುದು ಇನ್ನೂ ನಿಂತಿಲ್ಲ. ಕುಡಿಸುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕಟ್ಟುಹಾವಿನ ವಿಷ ಮೊದಲು ಹಿಡಿಯುವುದು ರೆಪ್ಪೆ, ನಾಲಗೆ, ಗಂಟಲು. ನುಂಗಲಾರದ ಗಂಟಲಿಗೆ ಹುಯ್ದ ರಸ ಶ್ವಾಸನಾಳಕ್ಕೆ ಇಳಿಯುತ್ತದೆ. ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ನೀರೂ ಬೇಡ, ಚಹಾವೂ ಬೇಡ. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಬಿಡಬೇಕು. ಎಡ ಮಗ್ಗುಲಿಗೆ ಮಲಗಿಸಿ, ಕಡಿದ ಕೈಕಾಲು ಅಲುಗದಂತೆ ನೋಡಿಕೊಂಡು, 108 ಆಂಬ್ಯುಲೆನ್ಸ್ ಬರುವುದು ತಡವೆನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಬೇಕು. ಆಸ್ಪತ್ರೆಯಲ್ಲಿ "ಹೊಟ್ಟೆನೋವು" ಎಂದಷ್ಟೇ ಹೇಳದೆ, ರಾತ್ರಿ ನೆಲದ ಮೇಲೆ ಮಲಗಿದ್ದರು, ಕಣ್ಣು ಬಿಡಲಾಗುತ್ತಿಲ್ಲ ಎಂಬ ಎರಡು ಮಾತನ್ನು ತಪ್ಪದೆ ಸೇರಿಸಬೇಕು. ತಡೆಯುವ ಉಪಾಯ ತುಂಬ ಸರಳ: ಮಂಚ, ಅದಿಲ್ಲದಿದ್ದರೆ ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ. ನೇಪಾಳದ ತರಾಯಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ, ಸೊಳ್ಳೆಪರದೆ ಕಟ್ಟಿ ಮಲಗಿದವರಿಗೆ ಹಾವು ಕಡಿಯುವುದು ತೀರ ಕಡಿಮೆ ಎಂದು ಕಂಡಿತು.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಇವರಲ್ಲಿ ಬಹುಪಾಲು ಹಳ್ಳಿಯವರು, ದುಡಿಯುವ ವಯಸ್ಸಿನವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಕ್ರಿಯಾಯೋಜನೆ ಹೊರತಂದಿತು. ಒಳ್ಳೆಯ ಹೆಜ್ಜೆಗಳು. ಆದರೆ ಅರ್ಧಕ್ಕಿಳಿಸುವ ಕೆಲಸ ನಡೆಯಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ.

ಇಲ್ಲೊಂದು ಹೊಸ ಸಂಗತಿಯೂ ಸೇರಿಕೊಂಡಿದೆ. ನಮ್ಮ ದೇಶದ ಎಎಸ್‌ವಿ ನಾಲ್ಕು ಹಾವುಗಳ ವಿಷದ ಮೇಲೆ ತಯಾರಾಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವು ಎಂದರೆ ಅದರಲ್ಲಿ ಒಂದೇ ಪ್ರಭೇದ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ 2021ರಲ್ಲಿ ದಕ್ಷಿಣ ಭಾರತದಲ್ಲಿ ನೋಡಲು ಹಾಗೆಯೇ ಇರುವ ಇನ್ನೊಂದು ಕಟ್ಟುಹಾವನ್ನು ಗುರುತಿಸಿ ಬಂಗಾರಸ್ ರೊಮುಲುಸಿ ಎಂದು ಹೆಸರಿಟ್ಟಿತು. ಸಾಮಾನ್ಯ ಕಟ್ಟುಹಾವಿನ ವಿಷವನ್ನು ಮಾರುಕಟ್ಟೆಯ ಎಎಸ್‌ವಿ ತಯಾರಕರು ಹೇಳಿದಷ್ಟು ತಡೆಯಿತು. ಈ ಹೊಸ ಹಾವಿನ ವಿಷದ ಮುಂದೆ ಅದು ದುರ್ಬಲವಾಗಿತ್ತು. ಆಯಾ ಪ್ರದೇಶದ ವಿಷಕ್ಕೆ ತಕ್ಕ ಪ್ರತಿವಿಷ ಬೇಕೆಂದು ಆ ತಂಡ ವರ್ಷಗಳಿಂದ ಹೇಳುತ್ತಿದೆ. ಅದು ಬರುವವರೆಗೆ ಯಾವ ಜಾತಿಯ ಕಟ್ಟುಹಾವು ಕಡಿದರೂ ಹಿಡಿದುಕೊಳ್ಳಬಹುದಾದ ಒಂದೇ ಆಸರೆ ಕೃತಕ ಉಸಿರು.

ಆ ಉಸಿರು ಕೊಡುವ ದೊಡ್ಡ ಆಸ್ಪತ್ರೆ ಇರುವ ಬಳ್ಳಾರಿ ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರ್. ಕಂಪ್ಲಿಯ ಒಳ ಹಳ್ಳಿಯಿಂದಲೋ ಸಂಡೂರಿನ ಗುಡ್ಡದ ಆಚೆಯಿಂದಲೋ ಹೊರಟವರಿಗೆ ಆ ದಾರಿಯಲ್ಲೇ ಉಸಿರು ನಿಂತೀತು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ವಿಮ್ಸ್‌ನಲ್ಲಿ ವಿದ್ಯುತ್ ಕೈಕೊಟ್ಟ ದಿನ ತೀವ್ರ ನಿಗಾ ಘಟಕದಲ್ಲಿದ್ದ ರೋಗಿಗಳು ಸತ್ತರು, ಅವರಲ್ಲಿ ಹಾವು ಕಡಿದು ದಾಖಲಾದವರೂ ಇದ್ದರು. ವಿದ್ಯುತ್ ಹೋದದ್ದೇ ಸಾವಿಗೆ ಕಾರಣವೆಂದು ಮನೆಯವರು, ಅಲ್ಲವೆಂದು ಆಸ್ಪತ್ರೆಯವರು ಹೇಳಿದರು. ವಿಷಯ ವಿಧಾನಸಭೆಗೂ ಹೋಯಿತು, ತನಿಖೆಗೆ ಆದೇಶವಾಯಿತು. ವಾದ ಏನೇ ಇರಲಿ, ನರದ ತುದಿ ಚಿಗುರುವವರೆಗೆ ಯಂತ್ರ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಯಂತ್ರ ನಿಂತರೆ, ಅಥವಾ ಯಂತ್ರವೇ ಇಲ್ಲದಿದ್ದರೆ, ರಬ್ಬರಿನ ಆಂಬು ಬ್ಯಾಗ್ ಇದೆ. ಮುಖಕ್ಕೆ ಒತ್ತಿ ಹಿಡಿದು ಐದಾರು ಸೆಕೆಂಡಿಗೊಮ್ಮೆ ಹಿಸುಕಿದರೆ ಸಾಕು, ಗಂಟೆಗಟ್ಟಲೆ ಜೀವ ಹಿಡಿದಿಡಬಹುದು. ಕಂಪ್ಲಿ, ಸಂಡೂರು, ಹೊಸಪೇಟೆ ಸುತ್ತಲಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದು ಕಪಾಟಿನ ಬೀಗದೊಳಗಲ್ಲದೆ ಕೈಗೆ ಸಿಗುವಂತಿರಬೇಕು. ವೈದ್ಯರಿಗಷ್ಟೇ ಅಲ್ಲದೆ ನರ್ಸುಗಳಿಗೂ, ಆಂಬ್ಯುಲೆನ್ಸ್‌ನವರಿಗೂ, ರಾತ್ರಿ ಪಾಳಿಯ ಡಿ ಗ್ರೂಪ್ ನೌಕರರಿಗೂ ಅದನ್ನು ಹಿಸುಕುವ ತರಬೇತಿ ವರ್ಷಕ್ಕೊಮ್ಮೆಯಾದರೂ ಆಗಬೇಕು. ಮುಂಗಾರು ಶುರುವಾಗುವ ಮೊದಲೇ, ಗದ್ದೆಗೆ ನೀರು ಬಿಡುವ ಮೊದಲೇ.